ಆರ್‌ಟಿಎಸ್ ಆಟಕ್ಕೆ ಯಾವ ಗ್ರಾಫಿಕ್ಸ್ ಎಂಜಿನ್? ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಸಣ್ಣ ತಂಡಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ರಿಯಲ್ ಟೈಮ್ ಸ್ಟ್ರಾಟಜಿ ಆಟಗಳು, ಅಂದರೆ ಆರ್‌ಟಿಎಸ್ ಆಟಗಳು, ಗ್ರಾಫಿಕ್ಸ್ ಎಂಜಿನ್ನಿನಿಂದ, ಅಂದರೆ ಆಟವನ್ನು ಪರದೆಯ ಮೇಲೆ ಬಿಡಿಸುವ ಸಿದ್ಧ ತಂತ್ರಾಂಶದಿಂದ, ಉಳಿದ ವಿಡಿಯೋ ಗೇಮ್‌ಗಳಿಗಿಂತ ಬೇರೆಯದೇ ಕೆಲಸವನ್ನು ಕೇಳುತ್ತವೆ. ಒಬ್ಬ ನಾಯಕನ ಮುಖದ ಮೇಲಿನ ಬೆವರಹನಿಯನ್ನು ಹತ್ತಿರದಿಂದ ತೋರಿಸುವ ಅಗತ್ಯ ಇಲ್ಲಿಲ್ಲ. ಸಾವಿರ ಸೈನಿಕರು, ಇನ್ನೂರು ಕುದುರೆಗಳು, ಐವತ್ತು ಆನೆಗಳು ಮೇಲಿನಿಂದ ನೋಡುವ ಕ್ಯಾಮೆರಾದ ಅಡಿಯಲ್ಲಿ ಏಕಕಾಲಕ್ಕೆ ಚಲಿಸುತ್ತಿರಬೇಕು, ಆಟಗಾರ ಅವುಗಳಲ್ಲಿ ಯಾವುದನ್ನು ಬೇಕಾದರೂ ಕ್ಲಿಕ್ ಮಾಡುವಂತಿರಬೇಕು. ಆದ್ದರಿಂದ ಬೇರೆ ಬಗೆಯ ಆಟಗಳಿಗಾಗಿ ಬರೆದ ‘ಅತ್ಯುತ್ತಮ ಎಂಜಿನ್’ ಪಟ್ಟಿಗಳು ಆರ್‌ಟಿಎಸ್ ಮಾಡುವವರಿಗೆ ಹೆಚ್ಚು ನೆರವಾಗುವುದಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಹಿಡಿದುಕೊಳ್ಳೋಣ. 1565ರ ಜನವರಿಯಲ್ಲಿ ನಡೆದ ರಕ್ಕಸತಂಗಡಿಯ ಕಾಳಗವನ್ನು ಆರ್‌ಟಿಎಸ್ ಆಟವನ್ನಾಗಿ ಮಾಡಲು ವಿಜಯಪುರದ ನಾಲ್ಕೈದು ಜನರ ತಂಡವೊಂದು ಹೊರಟಿದೆ ಎಂದಿಟ್ಟುಕೊಳ್ಳಿ. ಒಂದು ಕಡೆ ಅಳಿಯ ರಾಮರಾಯನ ವಿಜಯನಗರದ ಸೈನ್ಯ, ಇನ್ನೊಂದು ಕಡೆ ವಿಜಯಪುರದ ಅಲಿ ಆದಿಲ್ ಶಾಹಿಯೂ ಸೇರಿದ ದಖನ್ನಿನ ಸುಲ್ತಾನರ ಕೂಟ. ತಂಡದ ಕೈಯಲ್ಲಿರುವುದು ಕಾಲೇಜಿನ ಲ್ಯಾಬಿನಲ್ಲಿ ಸಿಗುವಂಥ ಕಂಪ್ಯೂಟರ್, ಅಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸ್ ಮೇಲೆ ನಡೆಯುವ ಯಂತ್ರ. ಆಡುವವರ ಕೈಯಲ್ಲಿರುವುದೂ ಬಹುಪಾಲು ಅಂಥದ್ದೇ.

ಮೊದಲು ಗೆರೆ, ಆಮೇಲೆ ಎಂಜಿನ್

ಯಾವ ಎಂಜಿನ್ ಎಂದು ಕೇಳುವ ಮೊದಲು ತೀರ್ಮಾನಿಸಬೇಕಾದ ಸಂಗತಿಯೊಂದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಆಯ್ಕೆಗಳಿಗಿಂತ ಅದೇ ದೊಡ್ಡದು: ಆಟದ ಲೆಕ್ಕಾಚಾರವನ್ನು, ಅಂದರೆ ಸಿಮ್ಯುಲೇಶನ್ನನ್ನು, ಚಿತ್ರ ಬಿಡಿಸುವ ಭಾಗದಿಂದ ಸಂಪೂರ್ಣವಾಗಿ ಬೇರ್ಪಡಿಸುವುದು. ಯಾವ ಸೈನಿಕ ಎಲ್ಲಿದ್ದಾನೆ, ಅವನಿಗೆ ಎಷ್ಟು ಪೆಟ್ಟು ಬಿದ್ದಿದೆ, ಅವನು ಯಾವ ದಾರಿ ಹಿಡಿದಿದ್ದಾನೆ ಎಂಬುದನ್ನೆಲ್ಲ ಸಿಮ್ಯುಲೇಶನ್ ನಿರ್ಧರಿಸುತ್ತದೆ; ಗ್ರಾಫಿಕ್ಸ್ ಭಾಗವು ಅದನ್ನು ಓದಿ ತೋರಿಸುತ್ತದೆಯೇ ಹೊರತು ಅದರಲ್ಲಿ ಏನನ್ನೂ ಬದಲಿಸುವುದಿಲ್ಲ.

ಇದು ಕೇವಲ ಅಚ್ಚುಕಟ್ಟಿನ ಮಾತಲ್ಲ, ಇದಕ್ಕೆ ಜಾಲದ ಆಟವೇ ಕಾರಣ. ಸಾವಿರ ಸೈನಿಕರ ಸ್ಥಾನವನ್ನು ಕ್ಷಣಕ್ಷಣಕ್ಕೂ ಇಂಟರ್ನೆಟ್ಟಿನ ಮೇಲೆ ಕಳಿಸುವುದು ದುಬಾರಿಯಾದ್ದರಿಂದ ಆರ್‌ಟಿಎಸ್ ಆಟಗಳು ಬಹಳ ಹಿಂದಿನಿಂದಲೂ ಆಟಗಾರರ ಆಜ್ಞೆಗಳನ್ನಷ್ಟೇ ಕಳಿಸಿ, ಪ್ರತಿ ಕಂಪ್ಯೂಟರಿನಲ್ಲೂ ಅದೇ ಲೆಕ್ಕವನ್ನು ಮತ್ತೆ ನಡೆಸುತ್ತವೆ. ಈ ಪದ್ಧತಿಗೆ ಲಾಕ್‌ಸ್ಟೆಪ್ ಎಂದು ಹೆಸರು. 1997ರ ‘ಏಜ್ ಆಫ್ ಎಂಪಾಯರ್ಸ್’ 28.8 ಕಿಲೋಬಿಟ್ ವೇಗದ ಮೋಡೆಮ್‌ಗಳ ಮೇಲೂ ನಡೆದದ್ದು ಹೀಗೆಯೇ: ಸಾಮಾನ್ಯವಾಗಿ 200 ಮಿಲಿಸೆಕೆಂಡಿಗೊಂದು ಸರದಿ, ಈಗ ಕೊಟ್ಟ ಆಜ್ಞೆ ಎರಡು ಸರದಿಯ ನಂತರ ಜಾರಿ. ಈ ಪದ್ಧತಿಯಲ್ಲಿ ಎರಡು ಯಂತ್ರಗಳ ಲೆಕ್ಕ ಒಂದೇ ಒಂದು ಬಿಟ್‌ನಷ್ಟು ಬೇರೆಯಾದರೂ ಸ್ವಲ್ಪ ಹೊತ್ತಿನಲ್ಲಿ ಒಬ್ಬರ ಪರದೆಯಲ್ಲಿ ಸತ್ತ ಆನೆ ಇನ್ನೊಬ್ಬರ ಪರದೆಯಲ್ಲಿ ಓಡಾಡುತ್ತಿರುತ್ತದೆ. ಫ್ಲೋಟಿಂಗ್ ಪಾಯಿಂಟ್ ದಶಮಾಂಶಗಳು ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಕಂಪೈಲರ್‌ಗಳಲ್ಲಿ ಒಂದೇ ಉತ್ತರ ಕೊಡುತ್ತವೆ ಎಂಬ ಖಾತರಿಯಿಲ್ಲದ ಕಾರಣ ‘ಝೀರೋ ಎ.ಡಿ.’ ಎಂಬ ಮುಕ್ತ ಆರ್‌ಟಿಎಸ್ ಆಟದ ಸಿಮ್ಯುಲೇಶನ್ ಫಿಕ್ಸೆಡ್ ಪಾಯಿಂಟ್ ಸಂಖ್ಯೆಗಳನ್ನು, ಅಂದರೆ ದಶಮಾಂಶ ಬಿಂದುವಿನ ಜಾಗ ಬದಲಾಗದ ಸಂಖ್ಯೆಗಳನ್ನು, ಬಳಸುತ್ತದೆ. ಸ್ಪ್ರಿಂಗ್ ಎಂಬ ಮುಕ್ತ ಆರ್‌ಟಿಎಸ್ ಎಂಜಿನ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳನ್ನೇ ಉಳಿಸಿಕೊಂಡು, ಅವು ಎಲ್ಲೆಡೆ ಒಂದೇ ಬಗೆಯಾಗಿ ವರ್ತಿಸುವಂತೆ ಮಾಡುವ ಸ್ಟ್ರೆಫ್ಲಾಪ್ ಎಂಬ ಲೈಬ್ರರಿಯನ್ನು ಆಶ್ರಯಿಸುತ್ತದೆ.

ಇದರ ಪರಿಣಾಮ ಎಂಜಿನ್ ಆಯ್ಕೆಯ ಮೇಲೆ ನೇರವಾಗಿದೆ. ಯೂನಿಟಿ ಅಥವಾ ಅನ್‌ರಿಯಲ್‌ನಂಥ ಜನಪ್ರಿಯ ಎಂಜಿನ್‌ಗಳು ತಮ್ಮೊಂದಿಗೆ ಕೊಡುವ ಭೌತಶಾಸ್ತ್ರದ ಎಂಜಿನ್, ದಾರಿ ಹುಡುಕುವ ವ್ಯವಸ್ಥೆ, ಜಾಲದ ವ್ಯವಸ್ಥೆ ಇವೆಲ್ಲ ಲಾಕ್‌ಸ್ಟೆಪ್ ಆರ್‌ಟಿಎಸ್‌ಗೆ ಬಹುಮಟ್ಟಿಗೆ ನಿರುಪಯುಕ್ತ. ಅಂದಮೇಲೆ ಅವುಗಳ ಹೊಳಪನ್ನು ನೋಡಿ ಎಂಜಿನ್ ಆಯ್ದುಕೊಳ್ಳುವುದರಲ್ಲಿ ಅರ್ಥವಿಲ್ಲ. ಚಿತ್ರ ಬಿಡಿಸುವುದು, ಇನ್‌ಪುಟ್, ಧ್ವನಿ, ಎಡಿಟರ್ ಇವಿಷ್ಟನ್ನೇ ಹೋಲಿಸಬೇಕು. ಅನ್‌ರಿಯಲ್ 5ರ ಮೇಲೆ ಕಟ್ಟಿದ ‘ಸ್ಟಾರ್ಮ್‌ಗೇಟ್’ ಆಟದ ತಂಡ ಸಿಮ್ಯುಲೇಶನ್ನಿಗಾಗಿ ಸ್ನೋಪ್ಲೇ ಎಂಬ ತನ್ನದೇ ಎಂಜಿನ್ ಬರೆದುಕೊಂಡು ಅನ್‌ರಿಯಲ್ಲನ್ನು ಮುಖ್ಯವಾಗಿ ತೋರಿಸುವ ಕೆಲಸಕ್ಕೆ ಬಳಸಿದ್ದು ಇದೇ ಕಾರಣಕ್ಕೆ.

ಸಿಮ್ಯುಲೇಶನ್ ಮತ್ತು ಗ್ರಾಫಿಕ್ಸ್ ನಡುವೆ ಹೀಗೆ ಗೆರೆ ಎಳೆದ ಮೇಲೆ ದಾಟಿ ಬರುವ ಮಾಹಿತಿ ಅಚ್ಚರಿಯಾಗುವಷ್ಟು ಸಣ್ಣದು. ಒಂದು ಘಟಕದ, ಅಂದರೆ ಒಬ್ಬ ಸೈನಿಕ ಅಥವಾ ಒಂದು ಆನೆಯ, ಸ್ಥಾನ, ಮುಖ ಮಾಡಿದ ದಿಕ್ಕು, ಯಾವ ಅನಿಮೇಶನ್, ಅದರ ಯಾವ ಕ್ಷಣ, ಯಾವ ಪಕ್ಷ, ಎಷ್ಟು ಜೀವ ಎಂಬುದೆಲ್ಲ 32 ಬೈಟ್‌ಗಳಲ್ಲಿ ಹಿಡಿಯುತ್ತದೆ. 2000 ಘಟಕಗಳಿಗೆ 64 ಸಾವಿರ ಬೈಟ್. ಸಿಮ್ಯುಲೇಶನ್ ಸೆಕೆಂಡಿಗೆ 10 ಬಾರಿ ನಡೆದರೆ ಸಾಕು. ಗ್ರಾಫಿಕ್ಸ್ ಭಾಗವು ಕೊನೆಯ ಎರಡು ಸ್ಥಿತಿಗಳನ್ನು ಇಟ್ಟುಕೊಂಡು, ನಡುವಿನ ಸ್ಥಾನಗಳನ್ನು ತಾನೇ ಲೆಕ್ಕ ಹಾಕಿ ಸೆಕೆಂಡಿಗೆ 60 ಚಿತ್ರಗಳನ್ನು ಬಿಡಿಸುತ್ತದೆ. ಇದನ್ನು ಸಾದಾ ಸಿ ಪ್ಲಸ್ ಪ್ಲಸ್ ಅಥವಾ ಸಿ ಶಾರ್ಪ್‌ನಲ್ಲಿ, ಯಾವ ಎಂಜಿನ್ನಿನ ಹೆಡರ್ ಫೈಲನ್ನೂ ಸೇರಿಸದೆ ಬರೆದಿಟ್ಟುಕೊಂಡ ತಂಡಕ್ಕೆ ಮುಂದೆ ಎಂಜಿನ್ ಬದಲಿಸುವ ಪ್ರಸಂಗ ಬಂದರೂ ಅರ್ಧ ಆಟ ಕೈಯಲ್ಲಿ ಉಳಿಯುತ್ತದೆ.

ಸ್ಪ್ರೈಟೋ, ಮೂರು ಆಯಾಮವೋ

ಮೊದಲೇ ಬಿಡಿಸಿಟ್ಟ ಚಿತ್ರಗಳನ್ನು, ಅಂದರೆ ಸ್ಪ್ರೈಟ್‌ಗಳನ್ನು, ಜೋಡಿಸುವ ಹಳೆಯ ವಿಧಾನ ಇಂದಿಗೂ ತಳ್ಳಿಹಾಕುವಂಥದ್ದಲ್ಲ. ಅತ್ಯಂತ ದುರ್ಬಲ ಯಂತ್ರದಲ್ಲೂ ಅದು ನಡೆಯುತ್ತದೆ. ಆದರೆ ಅದರ ಬೆಲೆ ಮೆಮೊರಿಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಕಲಾವಿದನ ಸಮಯದಲ್ಲಿದೆ. ಒಬ್ಬ ಬಿಲ್ಲಾಳಿಗೆ 8 ದಿಕ್ಕು, 5 ಬಗೆಯ ಚಲನೆ, ಪ್ರತಿ ಚಲನೆಗೆ 15 ಚಿತ್ರ ಎಂದರೆ 600 ಚಿತ್ರಗಳು. ಚಿತ್ರಕ್ಕೆ 64×64 ಪಿಕ್ಸೆಲ್‌ನಂತೆ ನಾಲ್ಕು ಬೈಟ್ ಬಣ್ಣದಲ್ಲಿ ಸುಮಾರು 10 ಎಂಬಿ, 256 ಬಣ್ಣಗಳ ಪ್ಯಾಲೆಟ್ಟಿನಲ್ಲಿ ಅದರ ಕಾಲುಭಾಗ. ಬಲಬದಿಯ ಚಿತ್ರಗಳನ್ನೇ ತಿರುಗಿಸಿ ಎಡಬದಿಗೆ ಬಳಸಿದರೆ 5 ದಿಕ್ಕುಗಳು ಸಾಕಾಗುತ್ತವೆ, ಆದರೆ ಆಗ ಬಲಗೈಯ ಕತ್ತಿ ಎಡಗೈಗೆ ಹೋಗುತ್ತದೆ. ದೂರದಿಂದ ಯಾರೂ ಗಮನಿಸುವುದಿಲ್ಲ ಎಂದು ಹಲವು ಹಳೆಯ ಆಟಗಳು ಇದನ್ನು ಧೈರ್ಯವಾಗಿ ಮಾಡಿದವು, ಮತ್ತು ನಿಜವಾಗಿಯೂ ಬಹಳ ಜನ ಗಮನಿಸಲಿಲ್ಲ.

ನಡುವಿನ ದಾರಿಯೂ ಒಂದಿದೆ. 1997ರ ‘ಟೋಟಲ್ ಅನೈಹಿಲೇಶನ್’ ನೆಲವನ್ನು ಚಿತ್ರವಾಗಿಯೇ ಉಳಿಸಿ, ಘಟಕಗಳನ್ನು ಮಾತ್ರ ಮೂರು ಆಯಾಮದ ಮಾದರಿಗಳನ್ನಾಗಿ ಮಾಡಿತು. ಕ್ಯಾಮೆರಾ ತಿರುಗದ ಆಟಕ್ಕೆ ಈ ಹಂಚಿಕೆ ಇಂದಿಗೂ ಚೆನ್ನಾಗಿ ಹೊಂದುತ್ತದೆ.

ಆದರೂ ನಮ್ಮ ಉದಾಹರಣೆಯ ತಂಡಕ್ಕೆ ನಾನು ಪೂರ್ಣ ಮೂರು ಆಯಾಮವನ್ನೇ ಸೂಚಿಸುತ್ತೇನೆ. ಆನೆಯೊಂದನ್ನು ಒಮ್ಮೆ ಬ್ಲೆಂಡರ್ ಎಂಬ ಮಾದರಿ ಮಾಡುವ ತಂತ್ರಾಂಶದಲ್ಲಿ ಮಾಡಿದರೆ ದಿಕ್ಕುಗಳ ಪ್ರಶ್ನೆಯೇ ಏಳುವುದಿಲ್ಲ. ಅಂಬಾರಿ ಬದಲಿಸಿದಾಗಲೆಲ್ಲ ನೂರಾರು ಚಿತ್ರಗಳನ್ನು ಮತ್ತೆ ತೆಗೆಯುವ ಕಾಟವೂ ಇಲ್ಲ.

ನೆಲ: ಕ್ಯಾಮೆರಾ ತೀರ್ಮಾನಿಸಲಿ

ನೆಲದ ವಿಷಯದಲ್ಲಿ ಹೊಸಬರು ಬೇಡದ ಕಡೆ ಶ್ರಮಪಡುವುದು ಹೆಚ್ಚು. ದೂರಕ್ಕೆ ಹೋದಂತೆ ತ್ರಿಕೋನಗಳನ್ನು ಕಡಿಮೆ ಮಾಡುವ ಬಗೆಬಗೆಯ ವಿಧಾನಗಳ ಬಗ್ಗೆ ಓದಿ, ಅವನ್ನೆಲ್ಲ ಬರೆಯಲು ಕೂರುವ ಮೊದಲು ಸಾದಾ ಗುಣಾಕಾರ ಮಾಡಿ ನೋಡಬೇಕು. ಎರಡು ಕಿಲೋಮೀಟರ್ ಚದರದ ರಣಭೂಮಿಯನ್ನು ಎರಡು ಮೀಟರಿಗೊಂದು ಎತ್ತರದ ಬಿಂದುವಿನಂತೆ ಹಿಡಿದರೆ 1024×1024 ಬಿಂದುಗಳ ಹೈಟ್‌ಮ್ಯಾಪ್, ಅಂದರೆ ಎತ್ತರಗಳ ನಕ್ಷೆ, ಆಗುತ್ತದೆ. 16 ಬಿಟ್‌ನಲ್ಲಿ ಅದು 2 ಎಂಬಿ ಮಾತ್ರ. ಸಾಮಾನ್ಯ ಆರ್‌ಟಿಎಸ್ ಕ್ಯಾಮೆರಾಕ್ಕೆ ಒಂದು ಸಲಕ್ಕೆ ಕಾಣುವುದು ಸುಮಾರು 120 ಮೀಟರ್ ಅಗಲ, 90 ಮೀಟರ್ ಉದ್ದ ಎಂದುಕೊಂಡರೆ ಬಿಡಿಸಬೇಕಾದದ್ದು 5,400 ತ್ರಿಕೋನಗಳು. ಯಾವ ಲ್ಯಾಬ್ ಕಂಪ್ಯೂಟರಿಗೂ ಅದು ಲೆಕ್ಕಕ್ಕೇ ಇಲ್ಲ. ಭೂಮಿಯನ್ನು ತುಂಡುಗಳಾಗಿ ಸೀಳಿ, ಕಾಣುವ ತುಂಡುಗಳನ್ನಷ್ಟೇ ಬಿಡಿಸಿದರೆ ಕೆಲಸ ಮುಗಿಯಿತು.

2007ರ ‘ಸುಪ್ರೀಂ ಕಮಾಂಡರ್’ನಲ್ಲಿದ್ದಂತೆ ಇಡೀ ರಣಭೂಮಿಯನ್ನು ಒಂದೇ ಪರದೆಯಲ್ಲಿ ಕಾಣುವಷ್ಟು ಹಿಂದಕ್ಕೆ ಸರಿಯುವ ಕ್ಯಾಮೆರಾ ಬೇಕೆಂದರೆ ಮಾತ್ರ ಚಿತ್ರ ಬದಲಾಗುತ್ತದೆ: ಅದೇ ನೆಲ ಈಗ ಸುಮಾರು 21 ಲಕ್ಷ ತ್ರಿಕೋನ, ದೂರದ ತುಂಡುಗಳನ್ನು ಒರಟಾಗಿಸುವುದು ಆಗ ಕಡ್ಡಾಯ, ಘಟಕಗಳ ಜಾಗದಲ್ಲಿ ಚಿಹ್ನೆಗಳನ್ನು ತೋರಿಸುವ ವ್ಯವಸ್ಥೆಯೂ ಬೇಕು. ಹೀಗಾಗಿ ಕ್ಯಾಮೆರಾ ಎಷ್ಟು ಹಿಂದೆ ಸರಿಯಬಹುದು ಎಂಬುದನ್ನು ಎಂಜಿನ್ ಆಯ್ಕೆಗಿಂತ ಮೊದಲು ಕಾಗದದ ಮೇಲೆ ಬರೆದಿಡಬೇಕು.

ಮಣ್ಣಿನ ಬಣ್ಣಕ್ಕೆ ನಮ್ಮ ಸೀಮೆ ಬಹಳ ಅನುಕೂಲಕರವಾಗಿದೆ. ಎರೆ, ಮಸಾರಿ, ಕಲ್ಲು, ಹುಲ್ಲು ಎಂಬ ನಾಲ್ಕು ಟೆಕ್ಸ್ಚರ್‌ಗಳ, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರಗಳ, ಪ್ರಮಾಣವನ್ನು ಒಂದೇ ಚಿತ್ರದ ನಾಲ್ಕು ಬಣ್ಣದ ಚಾನೆಲ್‌ಗಳಲ್ಲಿ ತುಂಬಿಟ್ಟು ಗ್ರಾಫಿಕ್ಸ್ ಚಿಪ್ಪಿನ ಮೇಲೆ ನಡೆಯುವ ಶೇಡರ್ ಎಂಬ ಸಣ್ಣ ಪ್ರೋಗ್ರಾಮಿನಲ್ಲಿ ಬೆರೆಸಿದರೆ ಕೃಷ್ಣಾ ತೀರದ ಬಯಲು ಸಿದ್ಧ. ಆದರೆ ಮುಂದಿನ ಹಂತದಲ್ಲಿ ಬಾದಾಮಿಯ ಬೆಟ್ಟವನ್ನು ರಣಭೂಮಿ ಮಾಡುವ ಆಸೆ ತಂಡಕ್ಕಿದ್ದರೆ ಎಚ್ಚರ ಬೇಕು. ಹೈಟ್‌ಮ್ಯಾಪಿನಲ್ಲಿ ಒಂದು ಬಿಂದುವಿಗೆ ಒಂದೇ ಎತ್ತರ. ಅಲ್ಲಿನ ನೆಟ್ಟಗಿನ ಮರಳುಗಲ್ಲಿನ ಗೋಡೆಗಳನ್ನು ಅದು ಹಿಗ್ಗಿಸಿದ ಟೆಕ್ಸ್ಚರಿನ ಪಟ್ಟೆಗಳನ್ನಾಗಿ ಮಾಡುತ್ತದೆ, ಗುಹೆಯನ್ನಂತೂ ತೋರಿಸಲಾರದು. ಕಿತ್ತೂರಿನಂಥ ಕೋಟೆಯ ಗೋಡೆಯ ಮೇಲೆ ಸೈನಿಕರು ನಡೆದಾಡಬೇಕು, ಕೆಳಗಿನ ಬಾಗಿಲಿನಿಂದ ಕುದುರೆಗಳು ಹಾಯಬೇಕು ಎಂದರೂ ಇದೇ ತೊಡಕು. ಬಂಡೆ ಮತ್ತು ಗೋಡೆಗಳನ್ನು ಬೇರೆ ಮಾದರಿಗಳಾಗಿ ಇಟ್ಟು, ಸಿಮ್ಯುಲೇಶನ್ನಿನಲ್ಲಿ ನಡೆಯಬಹುದಾದ ಎರಡನೆಯ ಪದರವನ್ನು ಸೇರಿಸಬೇಕಾಗುತ್ತದೆ. ಯಾವ ಎಂಜಿನ್ ಕೊಂಡರೂ ಈ ಕೆಲಸ ತಪ್ಪದು.

ಸೈನಿಕರ ಸಂತೆ: ನಿಜವಾದ ಪರೀಕ್ಷೆ

ಎಂಜಿನ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಇಲ್ಲಿ. ಗ್ರಾಫಿಕ್ಸ್ ಚಿಪ್ಪಿಗೆ ‘ಇದನ್ನು ಬಿಡಿಸು’ ಎಂದು ಪ್ರೊಸೆಸರ್ ಕೊಡುವ ಪ್ರತಿ ಆಜ್ಞೆಗೂ, ಅಂದರೆ ಡ್ರಾ ಕಾಲ್‌ಗೂ, ಒಂದು ಸ್ಥಿರವಾದ ಖರ್ಚಿದೆ. ಜೋಳವನ್ನು ಸೇರು ಸೇರಾಗಿ ಗಿರಣಿಗೆ ಹೊತ್ತು ತಿರುಗುವುದಕ್ಕೂ ಒಂದೇ ಚೀಲದಲ್ಲಿ ಒಯ್ದು ಬೀಸಿಸಿಕೊಂಡು ಬರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಒಂದೇ ಮಾದರಿಯ ಸಾವಿರ ಪ್ರತಿಗಳನ್ನು ಒಂದೇ ಡ್ರಾ ಕಾಲ್‌ನಲ್ಲಿ ಬಿಡಿಸುವ ಇನ್‌ಸ್ಟೆನ್ಸಿಂಗ್ ಇಲ್ಲದೆ ಆರ್‌ಟಿಎಸ್ ಎಂಜಿನ್ ಇಲ್ಲ.

ನಿಂತ ವಸ್ತುಗಳಿಗೆ ಇದು ಸುಲಭ. ನಡೆದಾಡುವ ದೇಹಗಳಿಗೆ ಹಾಗಲ್ಲ, ಏಕೆಂದರೆ ಪ್ರತಿಯೊಬ್ಬನ ಭಂಗಿ ಬೇರೆ. ಒಬ್ಬ ಸೈನಿಕನ ಮಾದರಿಯನ್ನು ಆಡಿಸಲು 30 ಮೂಳೆಗಳೆಂದರೆ 2000 ಸೈನಿಕರಿಗೆ ಪ್ರತಿ ಚಿತ್ರಕ್ಕೂ 60,000 ಮೂಳೆಗಳ ಲೆಕ್ಕ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಎಲ್ಲ ಕೆಲಸಕ್ಕೂ ಸೇರಿ ಸಿಗುವುದು 16.7 ಮಿಲಿಸೆಕೆಂಡು, ಅದರಲ್ಲಿ ಇದಕ್ಕೇ ದೊಡ್ಡ ಪಾಲು ಹೋಗುತ್ತದೆ. ಪರಿಹಾರವೆಂದರೆ ಚಲನೆಯನ್ನು ಮುಂಚಿತವಾಗಿ ಲೆಕ್ಕಹಾಕಿ ಟೆಕ್ಸ್ಚರಿನಲ್ಲಿ ಬರೆದಿಟ್ಟು, ಗ್ರಾಫಿಕ್ಸ್ ಚಿಪ್ಪೇ ಅದನ್ನು ಓದಿಕೊಳ್ಳುವಂತೆ ಮಾಡುವುದು. ಇದರಲ್ಲಿ ಎರಡು ಬಗೆಗಳಿವೆ. 800 ಶೃಂಗಬಿಂದುಗಳ (ತ್ರಿಕೋನಗಳ ಮೂಲೆಗಳ) ಮಾದರಿಗೆ ಒಟ್ಟು 120 ಭಂಗಿಗಳಿವೆ ಎಂದುಕೊಂಡರೆ, ಪ್ರತಿ ಬಿಂದುವಿನ ಸ್ಥಾನ ಮತ್ತು ಅದು ಮುಖ ಮಾಡಿದ ದಿಕ್ಕನ್ನು ಬರೆದಿಡುವ ಬಗೆಗೆ ಸುಮಾರು 1.5 ಎಂಬಿ ಬೇಕು. ಮೂಳೆಗಳ ಸ್ಥಿತಿಯನ್ನಷ್ಟೇ ಬರೆದಿಡುವ ಬಗೆಗೆ 86 ಕೆಬಿ ಸಾಕು. ಮೊದಲನೆಯದರ ಶೇಡರ್ ಬಹಳ ಸರಳ. ಎರಡನೆಯದು ಪ್ರತಿ ಬಿಂದುವಿಗೂ ಹಲವು ಬಾರಿ ಟೆಕ್ಸ್ಚರ್ ಓದಬೇಕಾದರೂ ಒಂದು ಚಲನೆಯಿಂದ ಇನ್ನೊಂದಕ್ಕೆ ನಯವಾಗಿ ಬೆರೆಸಲು ಅನುಕೂಲ, ಮತ್ತು ಹತ್ತಾರು ಬಗೆಯ ಘಟಕಗಳಿರುವಾಗ ಮೆಮೊರಿಯ ಉಳಿತಾಯ ಗಣನೀಯ. ನನ್ನ ಆಯ್ಕೆ ಎರಡನೆಯದು. ದೂರದ ಸೈನಿಕರಿಗೆ ಬಿಂದುವಿಗೊಂದೇ ಮೂಳೆ ಎಂದಿಟ್ಟರೆ ಓದುವ ಖರ್ಚೂ ತಗ್ಗುತ್ತದೆ.

ಪಕ್ಷದ ಬಣ್ಣ, ಆಯ್ಕೆಯ ವರ್ತುಲ, ಜೀವದ ಪಟ್ಟಿ ಇವೂ ಇನ್‌ಸ್ಟೆನ್ಸಿಂಗ್ ಮೂಲಕವೇ ಬರಬೇಕು. ಯುದ್ಧದ ಮಂಜು, ಅಂದರೆ ಫಾಗ್ ಆಫ್ ವಾರ್, ಹೆಸರಿಗೆ ದೊಡ್ಡದಾಗಿದ್ದರೂ 256×256 ಬಿಂದುಗಳ 64 ಕೆಬಿ ಟೆಕ್ಸ್ಚರ್ ಅಷ್ಟೆ; ಅದನ್ನು ಸಿಮ್ಯುಲೇಶನ್ ಬರೆಯುತ್ತದೆ, ಶೇಡರ್ ಮೃದುಗೊಳಿಸುತ್ತದೆ.

ಬೆಳಕು: ಫಾರ್ವರ್ಡ್ ಮತ್ತು ಡಿಫರ್ಡ್

2010ರ ‘ಸ್ಟಾರ್‌ಕ್ರಾಫ್ಟ್ 2’ ಡಿಫರ್ಡ್ ರೆಂಡರಿಂಗ್ ಬಳಸಿತು ಎಂಬುದನ್ನು ಓದಿದವರು ತಾವೂ ಅದನ್ನೇ ಮಾಡಬೇಕೆನ್ನುತ್ತಾರೆ. ಆ ವಿಧಾನದಲ್ಲಿ ಬಣ್ಣ, ಮೇಲ್ಮೈ ಮುಖ ಮಾಡಿದ ದಿಕ್ಕು, ಆಳ ಮುಂತಾದವನ್ನು ಮೊದಲು ಬೇರೆ ಬೇರೆ ಪದರಗಳಲ್ಲಿ ಬರೆದಿಟ್ಟುಕೊಂಡು ಆಮೇಲೆ ಬೆಳಕನ್ನು ಲೆಕ್ಕಹಾಕುವುದರಿಂದ ನೂರಾರು ಸಣ್ಣ ದೀಪಗಳಿದ್ದರೂ ತೊಂದರೆಯಿಲ್ಲ. ಲೇಸರ್ ಮತ್ತು ಸ್ಫೋಟಗಳ ಆಟಕ್ಕೆ ಅದು ಸರಿ. 1565ರ ಹಗಲು ಯುದ್ಧಕ್ಕೆ ಇರುವುದು ಒಬ್ಬನೇ ಸೂರ್ಯ.

ಇನ್ನು ಖರ್ಚು ನೋಡಿ. 1920×1080 ಪರದೆಯಲ್ಲಿ ಪಿಕ್ಸೆಲ್ಲಿಗೆ 20 ಬೈಟ್‌ನಂತೆ ಆ ಪದರಗಳನ್ನು ಬರೆಯಲು 41 ಎಂಬಿ, ಮತ್ತೆ ಓದಲು ಅಷ್ಟೇ. ಸೆಕೆಂಡಿಗೆ 60 ಬಾರಿಯಂತೆ ಇದು 5 ಜಿಬಿ. ಒಂದೇ ರ್‍ಯಾಮ್ ಕಡ್ಡಿ ಹಾಕಿದ ಡಿಡಿಆರ್4-2400 ಯಂತ್ರದಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಸೇರಿ ಸಿಗುವ ಗರಿಷ್ಠ ವೇಗ ಸೆಕೆಂಡಿಗೆ 19.2 ಜಿಬಿ. ಅದರ ಕಾಲುಭಾಗವನ್ನು ಬೆಳಕಿನ ಪದ್ಧತಿಯೊಂದಕ್ಕೇ ಕೊಡುವುದು ಲ್ಯಾಬ್ ಯಂತ್ರಕ್ಕೆ ಹೊರೆ. ವಸ್ತುವನ್ನು ಬಿಡಿಸುವಾಗಲೇ ಬೆಳಕನ್ನೂ ಲೆಕ್ಕಹಾಕುವ ಫಾರ್ವರ್ಡ್ ವಿಧಾನದಲ್ಲಿ ಅಂಚುಗಳನ್ನು ನಯಗೊಳಿಸುವ ಎಂಎಸ್‌ಎಎ ಕೂಡ ಸಲೀಸಾಗಿ ಸಿಗುತ್ತದೆ. ಸಣ್ಣ ಸಣ್ಣ ಭರ್ಜಿಗಳು ತುಂಬಿದ ಪರದೆಗೆ ಅದು ದೊಡ್ಡ ವರ. ನೆರಳಿಗೂ ಹೆಚ್ಚಿನ ಕಸರತ್ತು ಬೇಡ: ಕಾಣುವ 120 ಮೀಟರಿಗೆ 2048×2048 ಬಿಂದುಗಳ ಒಂದೇ ಶ್ಯಾಡೋ ಮ್ಯಾಪ್ (ನೆರಳಿನ ನಕ್ಷೆ) ಹೊಂದಿಸಿದರೆ ಬಿಂದುವಿಗೆ ಸುಮಾರು 6 ಸೆಂಟಿಮೀಟರ್ ನಿಖರತೆ ಬರುತ್ತದೆ.

ಈಗ ಎಂಜಿನ್‌ಗಳು

ಅನ್‌ರಿಯಲ್ 5ರಲ್ಲಿ ಅತಿ ಸೂಕ್ಷ್ಮ ಮಾದರಿಗಳನ್ನು ಬಿಡಿಸುವ ನಾನೈಟ್ ಮತ್ತು ಬೆಳಕಿನ ಪ್ರತಿಫಲನವನ್ನು ಲೆಕ್ಕಹಾಕುವ ಲ್ಯೂಮೆನ್ ಮನಸೆಳೆಯುವಂಥವು, ಆದರೆ ಅವೆರಡೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಜಗತ್ತಿಗೆ ಸೇರಿದವು. ಅವನ್ನು ಬಳಸದೆ ನಿಲ್ಲಿಸಿದ ಮೇಲೆ ಉಳಿಯುವ ಎಂಜಿನ್ ನಮ್ಮ ತಂಡಕ್ಕೆ ಭಾರವೇ. ಘಟಕಕ್ಕೊಂದು ‘ಆಕ್ಟರ್’ ಎಂಬ ಅದರ ಸಹಜ ಕ್ರಮ ಸಾವಿರಗಳ ಸಂಖ್ಯೆಯಲ್ಲಿ ಕುಸಿಯುತ್ತದೆ, ಆಗ ಮಾಸ್ ಎಂಬ ಬೇರೆ ಚೌಕಟ್ಟನ್ನು ಕಲಿಯಬೇಕು. ಶುಲ್ಕದ ಮಟ್ಟಿಗೆ ಹೇಳುವುದಾದರೆ ಆಟದ ಒಟ್ಟು ಆದಾಯ 10 ಲಕ್ಷ ಡಾಲರ್ ದಾಟಿದ ನಂತರ ಶೇ. 5ರಷ್ಟು ಗೌರವಧನ, ಅಲ್ಲಿಗೆ ತಲುಪಿದ ತಂಡ ಅದರ ಬಗ್ಗೆ ಕೊರಗಲಾರದು. ಒಳ್ಳೆಯ ಯಂತ್ರಗಳೂ ಸಂಬಳ ಪಡೆಯುವ ಕಲಾವಿದರೂ ಇರುವ ಸ್ಟುಡಿಯೋಗೆ ಇದು ಯೋಗ್ಯ, ಅಂತಿಮ ವರ್ಷದ ಪ್ರಾಜೆಕ್ಟಿಗೆ ಅಲ್ಲ.

ಯೂನಿಟಿಯ ಬಲ ಅದರ ಕಲಿಕೆಯ ಸಾಮಗ್ರಿ ಮತ್ತು ಸಿ ಶಾರ್ಪ್ ಭಾಷೆ. ಗೇಮ್‌ಆಬ್ಜೆಕ್ಟ್‌ಗಳ ಹಾದಿ ಬಿಟ್ಟು ಡಾಟ್ಸ್ ಎಂಬ ದತ್ತಾಂಶ ಕೇಂದ್ರಿತ ವ್ಯವಸ್ಥೆಗೆ ಹೋದರೆ ಬರ್ಸ್ಟ್ ಕಂಪೈಲರ್ ನಿಜಕ್ಕೂ ವೇಗ ಕೊಡುತ್ತದೆ. ಆದರೆ ಮೂಳೆಗಳ ಅನಿಮೇಶನ್ ವಿಷಯದಲ್ಲಿ ಡಾಟ್ಸ್ ಇನ್ನೂ ಪಕ್ವವಾಗಿಲ್ಲದ ಕಾರಣ ಮೇಲೆ ಹೇಳಿದ ಟೆಕ್ಸ್ಚರ್ ತಂತ್ರವನ್ನು ನೀವೇ ಬರೆಯಬೇಕು. ಹಳೆಯ ಟ್ಯುಟೋರಿಯಲ್‌ಗಳು ಹೇಳಿಕೊಡುವ ಡ್ರಾಮೆಶ್‌ಇನ್‌ಸ್ಟೆನ್ಸ್ಡ್ ಎಂಬ ಫಂಕ್ಷನ್ ಒಂದು ಸಲಕ್ಕೆ 1023 ಪ್ರತಿಗಳಿಗೆ ನಿಲ್ಲುತ್ತದೆ ಎಂಬುದು ನೆನಪಿರಲಿ. 2023ರ ಸೆಪ್ಟೆಂಬರಿನಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ವಿಧಿಸುವ ಘೋಷಣೆ ಮಾಡಿ, ಮರುವರ್ಷ ಅದನ್ನು ಕಂಪನಿ ಹಿಂತೆಗೆದುಕೊಂಡಿತು. ಹಲವು ವರ್ಷ ನಡೆಯುವ ಯೋಜನೆಗೆ ಇಂಥ ಅನಿಶ್ಚಿತತೆಯೂ ಒಂದು ಬೆಲೆಯೇ.

ಗೋಡೋ ಎಂಐಟಿ ಪರವಾನಗಿಯಡಿ 2014ರಿಂದ ಮುಕ್ತವಾಗಿದೆ, ಗೌರವಧನದ ಪ್ರಶ್ನೆಯಿಲ್ಲ. 2023ರ 4.0 ಆವೃತ್ತಿಯಲ್ಲಿ ಅದರ ಮುಖ್ಯ ರೆಂಡರರ್, ಅಂದರೆ ಚಿತ್ರ ಬಿಡಿಸುವ ಭಾಗ, ಗ್ರಾಫಿಕ್ಸ್ ಚಿಪ್ಪಿನೊಂದಿಗೆ ಮಾತಾಡುವ ವಲ್ಕನ್ ಎಂಬ ಹೊಸ ವ್ಯವಸ್ಥೆಯ ಮೇಲೆ ನಿಂತಿತು. ಆದರೆ ನಮಗೆ ಹೆಚ್ಚು ಬೇಕಾದದ್ದು ವಲ್ಕನ್‌ಗಿಂತ ಹಳೆಯದಾದ ಓಪನ್‌ಜಿಎಲ್ 3.3 ಮೇಲೆ ನಡೆಯುವ ‘ಕಂಪ್ಯಾಟಿಬಿಲಿಟಿ’ ರೆಂಡರರ್. ಇಂಟೆಲ್ ಸಂಸ್ಥೆ ವಿಂಡೋಸ್‌ನಲ್ಲಿ ವಲ್ಕನ್ ಡ್ರೈವರ್ ಕೊಟ್ಟಿರುವುದು ಆರನೆಯ ತಲೆಮಾರಿನ ಪ್ರೊಸೆಸರ್‌ನಿಂದ ಈಚೆಗೆ. ಅದಕ್ಕಿಂತ ಹಳೆಯ ಯಂತ್ರಗಳು ಇನ್ನೂ ನಮ್ಮ ಲ್ಯಾಬುಗಳಲ್ಲಿ ಜೀವಂತವಾಗಿವೆ. ಗೋಡೋದ ಮಲ್ಟಿಮೆಶ್ ಒಂದೇ ಡ್ರಾ ಕಾಲ್‌ನಲ್ಲಿ ಸಾವಿರಾರು ಪ್ರತಿ ಬಿಡಿಸುತ್ತದೆ, ಆದರೆ ಕಾಣದ ಪ್ರತಿಗಳನ್ನು ಒಂದೊಂದಾಗಿ ಕೈಬಿಡುವುದಿಲ್ಲ. ಇಡೀ ಗುಂಪು ಕಾಣುತ್ತದೆ ಅಥವಾ ಇಡೀ ಗುಂಪು ಮರೆಯಾಗುತ್ತದೆ. ಆದ್ದರಿಂದ ರಣಭೂಮಿಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದು ಮಲ್ಟಿಮೆಶ್ ಇಡಬೇಕು, ಅಥವಾ ಕಾಣುವವರ ಪಟ್ಟಿಯನ್ನಷ್ಟೇ ಪ್ರತಿ ಚಿತ್ರಕ್ಕೂ ತುಂಬಬೇಕು. ನೆಲಕ್ಕೆಂದೇ ಸಿದ್ಧ ನೋಡ್ ಇಲ್ಲ, ಸಮುದಾಯದ ಪ್ಲಗಿನ್‌ಗಳಿವೆ. ಗೋಡೋದ ಸ್ವಂತ ಭಾಷೆಯಾದ ಜಿಡಿಸ್ಕ್ರಿಪ್ಟ್ ಮೆನು ಮತ್ತು ಪರದೆಗಳಿಗೆ ಸಾಕು, ಸಿಮ್ಯುಲೇಶನ್ನಿಗೆ ಸಾಲದು. ಅದನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಜಿಡಿಎಕ್ಸ್‌ಟೆನ್ಶನ್ ಮೂಲಕ ಜೋಡಿಸಬೇಕು.

ಆಟವೇ ಮುಖ್ಯ, ಎಂಜಿನ್ ಕಟ್ಟುವ ಹಟವಿಲ್ಲ ಎನ್ನುವವರು ಆರ್‌ಟಿಎಸ್‌ಗೆಂದೇ ಹುಟ್ಟಿದ ಮುಕ್ತ ಎಂಜಿನ್‌ಗಳನ್ನು ನೋಡದೆ ಮುಂದೆ ಹೋಗಬಾರದು. ಸ್ಪ್ರಿಂಗ್‌ನಿಂದ ಕವಲೊಡೆದ ರಿಕಾಯಿಲ್ ಎಂಜಿನ್ನಿನ ಮೇಲೆ ‘ಬಿಯಾಂಡ್ ಆಲ್ ರೀಸನ್’ ಸಾವಿರಾರು ಘಟಕಗಳ ಕಾಳಗಗಳನ್ನು ನಡೆಸುತ್ತಿದೆ. ಆಟದ ನಿಯಮಗಳನ್ನು ಲುವಾ ಭಾಷೆಯಲ್ಲಿ ಬರೆಯಬೇಕು. ‘ಝೀರೋ ಎ.ಡಿ.’ ಆಟದ ಪೈರೋಜೆನೆಸಿಸ್ ಎಂಜಿನ್ 2009ರಿಂದ ಮುಕ್ತವಾಗಿದ್ದು, ಕಾಲಾಳು, ಕುದುರೆ, ಕೋಟೆ, ಹೊಲ ಎಂಬ ಇತಿಹಾಸದ ಆಟದ ಜೋಡಣೆ ಅದರಲ್ಲಿ ಸಿದ್ಧವಾಗಿದೆ. ಮೌರ್ಯರ ಪಕ್ಷವೂ ಇರುವುದರಿಂದ ಯುದ್ಧದ ಆನೆಗಳು ಸಹ ಉಚಿತವಾಗಿ ಸಿಗುತ್ತವೆ. ಇವೆರಡರಲ್ಲೂ ಲಾಕ್‌ಸ್ಟೆಪ್, ಮಂಜು, ಚಿಕ್ಕ ನಕ್ಷೆ, ದಾರಿ ಹುಡುಕುವಿಕೆ ಎಲ್ಲವೂ ಇವೆ. ಪ್ರತಿಯಾಗಿ ಎಂಜಿನ್ನಿನ ಕೋಡನ್ನು ಬದಲಿಸಿ ಹಂಚಿದರೆ ಆ ಬದಲಾವಣೆಗಳನ್ನೂ ಜಿಪಿಎಲ್ ಪರವಾನಗಿಯಡಿ ತೆರೆದಿಡಬೇಕು. ಒಂದು ಸೆಮಿಸ್ಟರಿನಲ್ಲಿ ಆಡಬಹುದಾದ ರಕ್ಕಸತಂಗಡಿ ಬೇಕೆಂದರೆ ನಾನು ಕೈಮಾಡಿ ತೋರಿಸುವುದು ಪೈರೋಜೆನೆಸಿಸ್ ಕಡೆಗೆ.

ಕೊನೆಯದು ಸ್ವಂತ ಎಂಜಿನ್. ಬೆಳಗಾವಿಯ ವಿಟಿಯು ವ್ಯಾಪ್ತಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಹಲವು ವರ್ಷ ಓಪನ್‌ಜಿಎಲ್ ಮತ್ತು ಅದಕ್ಕೆ ಕಿಟಕಿ ತೆರೆದುಕೊಡುವ ಗ್ಲಟ್ ಲೈಬ್ರರಿಯ ಮೇಲೆಯೇ ನಡೆದಿರುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದು ಪರಿಚಿತ ದಾರಿಯಂತೆ ಕಾಣುತ್ತದೆ. ಆದರೆ ಬಿಗಿನ್ ಮತ್ತು ಎಂಡ್ ನಡುವೆ ಒಂದೊಂದೇ ಬಿಂದು ಬರೆಯುವ ಆ ಶೈಲಿಯನ್ನು 2008ರ ಓಪನ್‌ಜಿಎಲ್ 3.0ರಲ್ಲೇ ಹಳತೆಂದು ಗುರುತಿಸಲಾಯಿತು. ಇನ್‌ಸ್ಟೆನ್ಸಿಂಗ್, ಬಫರ್, ಶೇಡರ್‌ಗಳನ್ನು ಹೊಸದಾಗಿ ಕಲಿಯಲೇಬೇಕು. ಕಲಿಯುವ ಮನಸ್ಸಿದ್ದರೆ ಕಿಟಕಿ, ಇನ್‌ಪುಟ್, ಧ್ವನಿಗಳನ್ನು ನೋಡಿಕೊಳ್ಳುವ ಎಸ್‌ಡಿಎಲ್ ಲೈಬ್ರರಿ ಮತ್ತು ಓಪನ್‌ಜಿಎಲ್ 3.3 ಒಳ್ಳೆಯ ಜೋಡಿ. 2016ರಲ್ಲಿ ಬಂದ ವಲ್ಕನ್ ಮೇಲೆ ನೇರವಾಗಿ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ. ಅದರ ಲಾಭ ಸಿಗುವುದು ಹಲವು ಥ್ರೆಡ್‌ಗಳಿಂದ ಸಾವಿರಾರು ಡ್ರಾ ಕಾಲ್ ಕಳಿಸುವವರಿಗೆ, ನಾವು ಅವನ್ನು ಇನ್‌ಸ್ಟೆನ್ಸಿಂಗ್‌ನಿಂದ ಆಗಲೇ ಕೆಲವು ಹತ್ತುಗಳಿಗೆ ಇಳಿಸಿದ್ದೇವೆ. ಸ್ವಂತ ಎಂಜಿನ್ನಿನ ನಿಜವಾದ ಖರ್ಚು ಗ್ರಾಫಿಕ್ಸಿನಲ್ಲಿಲ್ಲ, ನಕ್ಷೆ ಎಡಿಟರ್, ಮಾದರಿಗಳನ್ನು ಒಳತರುವ ಉಪಕರಣ ಮತ್ತು ಮೆನುಗಳಲ್ಲಿದೆ. ಎಂಜಿನ್ ಪ್ರೋಗ್ರಾಮರ್ ಆಗುವುದೇ ಗುರಿಯಾದವರು ಇದನ್ನು ಆರಿಸಲಿ. ಕಲಿಯುವ ಪಾಠ ಬೇರೆಲ್ಲೂ ಸಿಗದು.

ಮೂರು ವರ್ಷ ಕೈಹಾಕಿ, ಮಾರುವ ಉದ್ದೇಶದಿಂದ ಆಟ ಮಾಡುವ ತಂಡಕ್ಕೆ ನನ್ನ ಸೂಚನೆ ಗೋಡೋ, ಅದರ ಹೊರಗೆ ಸಿ ಪ್ಲಸ್ ಪ್ಲಸ್ ಸಿಮ್ಯುಲೇಶನ್.

ಅಳೆದು ನೋಡುವ ಬಗೆ

ಯಾರ ಮಾತನ್ನೂ, ನನ್ನ ಮಾತನ್ನು ಸಹ, ಹಾಗೆಯೇ ನಂಬದೆ ಒಂದೇ ದೃಶ್ಯವನ್ನು ಎರಡು ಎಂಜಿನ್‌ಗಳಲ್ಲಿ ಕಟ್ಟಿ ಅಳೆಯುವುದು ಒಳ್ಳೆಯದು: 1000 ನಡೆದಾಡುವ ಸೈನಿಕರು, ನೆರಳು, ಮಂಜು, ಎರಡು ಬಗೆಯ ಮಣ್ಣು. ಸೆಕೆಂಡಿಗೆಷ್ಟು ಚಿತ್ರ ಎಂಬ ಸರಾಸರಿಗಿಂತ ಅತ್ಯಂತ ನಿಧಾನವಾದ ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಆಟಗಾರನಿಗೆ ಎಡವಿದಂತೆನಿಸುವುದು ಆ ಚಿತ್ರದಲ್ಲಿ. ತಂಡದಲ್ಲಿರುವ ಅತಿ ದುರ್ಬಲ ಲ್ಯಾಪ್‌ಟಾಪಿನ ಮೇಲೆ, ಸಾಧ್ಯವಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಅರ್ಧ ಗಂಟೆ ಬಿಡದೆ ಓಡಿಸಿ ನೋಡಿ. ನಮ್ಮ ಸೀಮೆಯ ಬಿಸಿಲಿನಲ್ಲಿ ಕಾದ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ಐದು ನಿಮಿಷದ ಅಂಕಿ ಆಗ ಸುಳ್ಳಾಗುತ್ತದೆ. ವಿದ್ಯುತ್ ಹೋಗಿ ಬ್ಯಾಟರಿಯ ಮೇಲೆ ನಡೆಯುವಾಗಿನ ಅಂಕಿ ಇನ್ನೂ ಬೇರೆ, ಅದನ್ನೂ ತೆಗೆದುಕೊಳ್ಳಿ.

ಇದೇ ಪರೀಕ್ಷೆಯಲ್ಲಿ ಸೇರಿಸಬೇಕಾದ ಇನ್ನೊಂದು ಅಂಶ ಕನ್ನಡ ಅಕ್ಷರ, ಮತ್ತು ಹೊರಗಿನ ಯಾವ ಹೋಲಿಕೆಯಲ್ಲೂ ಇದು ಸಿಗುವುದಿಲ್ಲ. ಒತ್ತಕ್ಷರ, ಅರ್ಕಾವತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಲು ಹಾರ್ಫ್‌ಬಝ್‌ನಂಥ ಅಕ್ಷರ ಜೋಡಣೆಯ ಲೈಬ್ರರಿ ಬೇಕು. ಗೋಡೋ 4 ಮತ್ತು ಅನ್‌ರಿಯಲ್ ಎರಡರಲ್ಲೂ ಅದು ಒಳಗೇ ಇದೆ. ಯೂನಿಟಿಯಲ್ಲಿ ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಕನ್ನಡವನ್ನು ಬಿಡಿ ಬಿಡಿಯಾಗಿ ಒಡೆದು ತೋರಿಸುತ್ತದೆ, ಅಲ್ಲಿ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಸ್ವಂತ ಎಂಜಿನ್ನಾದರೆ ಹಾರ್ಫ್‌ಬಝ್ ಮತ್ತು ಅಕ್ಷರಗಳ ಆಕಾರ ಬಿಡಿಸುವ ಫ್ರೀಟೈಪ್ ಎರಡನ್ನೂ ಜೋಡಿಸುವ ಕೆಲಸ ನಿಮ್ಮದೇ. ಪರೀಕ್ಷೆಗೆ ‘ದುರ್ಗ’, ‘ಸಾಮ್ರಾಜ್ಯ’, ‘ಶಸ್ತ್ರಾಸ್ತ್ರ’ ಎಂಬ ಮೂರು ಶಬ್ದಗಳನ್ನು ಮೆನುವಿನಲ್ಲಿ ಬರೆದು ನೋಡಿ. ಅವು ಒಡೆಯದೆ ಬಂದರೆ ಉಳಿದದ್ದು ಫಾಂಟಿನ ಆಯ್ಕೆ ಮಾತ್ರ, ಮುಕ್ತ ಪರವಾನಗಿಯ ನೋಟೋ ಸಾನ್ಸ್ ಕನ್ನಡದಿಂದ ಆರಂಭಿಸಬಹುದು.